ಆ ವಚನ ನಿಮ್ಮನ್ನು ಅಳೆಯುವ ಕೋಲಲ್ಲ

ಹಾಸನ ಜಿಲ್ಲೆಯ ಓದುಗರೊಬ್ಬರ ಪತ್ರದ ಸಾರ: ‘ಹುಟ್ಟಿನಿಂದಲೂ ಕ್ರೈಸ್ತಳು. ಎರಡು ವರ್ಷದಿಂದ ನಡುರಾತ್ರಿ ಎಚ್ಚರವಾಗಿ ಎದೆ ಹೊಡೆದುಕೊಳ್ಳುತ್ತದೆ. ದೇವರು ನನ್ನ ಮೇಲೆ ಸಿಟ್ಟಾಗಿದ್ದಾನೆ ಅನ್ನಿಸುತ್ತದೆ. ಮಗಳಿಗೆ ಜ್ವರ ಬಂದರೆ ನನ್ನ ಪಾಪದ ಫಲವೇ ಎಂದು ನಡುಗುತ್ತೇನೆ. ಕ್ಷಮಿಸು ಎಂದು ಅದೇ ಪ್ರಾರ್ಥನೆಯನ್ನು ಹತ್ತಾರು ಸಲ ಮಾಡುತ್ತೇನೆ. ಉಜ್ಜೀವನ ಕೂಟದಲ್ಲಿ ಬೋಧಕರೊಬ್ಬರು ಬೈಬಲಿನ 1 ಯೋಹಾನ (ಯೋಹಾನನ ಮೊದಲ ಪತ್ರ) 4:18 ಓದಿ, ಹೆದರುವವರಲ್ಲಿ ದೇವರ ಪ್ರೀತಿಯೇ ಇಲ್ಲ ಎಂದರು. ಈಗ ಹೆದರಿಕೆಗೇ ಹೆದರಿಕೆ. ನಾಲ್ಕು ತಿಂಗಳಿಂದ ಚರ್ಚಿನಲ್ಲಿ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡಿಲ್ಲ. ಡಾಕ್ಟರು ಕೊಟ್ಟ ಮಾತ್ರೆ ನುಂಗುವುದು ಅವಿಶ್ವಾಸವೇ? ದೇವರ ಪ್ರೀತಿಯನ್ನು ಸ್ವೀಕರಿಸಿ ಅನ್ನುತ್ತಾರಲ್ಲ, ಹಾಗಂದರೆ ಏನು ಮಾಡಬೇಕು?’

ಸಂಪಾದಕರ ಉತ್ತರ:

ಮಾತ್ರೆಯ ವಿಷಯ ಮೊದಲು ಮುಗಿಸೋಣ. ನೀವಾಗಿ ನಿಲ್ಲಿಸಬೇಡಿ. ಆತಂಕಕ್ಕೆ ಕೊಡುವ ಕೆಲವು ಮಾತ್ರೆಗಳನ್ನು ಥಟ್ಟನೆ ಬಿಟ್ಟರೆ ಹೋಗಿದ್ದ ನಡುಕ ಇಮ್ಮಡಿಯಾಗಿ ಮರಳುತ್ತದೆ. ಆಗ ನೀವು ಅದನ್ನೂ ದೇವರ ಸಿಟ್ಟಿನ ಲೆಕ್ಕಕ್ಕೆ ಬರೆಯುತ್ತೀರಿ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡಿದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ, ನಿದ್ದೆ ಕೆಡುತ್ತದೆ. ರಕ್ತಪರೀಕ್ಷೆ ಆಗಿಲ್ಲದಿದ್ದರೆ ಡಾಕ್ಟರನ್ನು ಕೇಳಿ. ರಾತ್ರಿ ಯಾರೊಂದಿಗಾದರೂ ಮಾತಾಡಲೇಬೇಕು ಅನ್ನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅವಿಶ್ವಾಸದ ಮಾತು ಬಂದದ್ದಕ್ಕೆ 1 ಅರಸುಗಳು 19 ತೆಗೆಯಿರಿ. ರಾಣಿ ಈಜೆಬೆಲಳಿಗೆ ಹೆದರಿ ಓಡಿದ ಪ್ರವಾದಿ ಎಲೀಯ ಅಡವಿಯ ಗಿಡದ ಕೆಳಗೆ ಬಿದ್ದುಕೊಂಡು ಸಾವು ಬೇಡುತ್ತಾನೆ. ದೇವದೂತ ಅವನಿಗೆ ಪ್ರಸಂಗ ಮಾಡುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಎಲೀಯ ತಿಂದು ಮತ್ತೆ ಮಲಗುತ್ತಾನೆ. ದೂತ ಮತ್ತೊಮ್ಮೆ ತಟ್ಟಿ ಎಬ್ಬಿಸಿ ಉಣ್ಣಿಸುತ್ತಾನೆ. ಹೋರೇಬ್ ಬೆಟ್ಟದಲ್ಲಿ ದೇವರೊಂದಿಗಿನ ಮಾತುಕತೆ ಏನಿದ್ದರೂ ಆಮೇಲೆ.

ಈಗ ಆ ವಚನ. ಪೂರ್ಣಪ್ರೀತಿ ಹೆದರಿಕೆಯನ್ನು ಹೊರಡಿಸಿಬಿಡುತ್ತದೆ ಎಂಬ ಮಾತನ್ನು ಹದಿನೇಳನೆಯ ವಚನದಿಂದ ಕತ್ತರಿಸಿ ಓದಿದರೆ ಅದು ಪರೀಕ್ಷೆಯ ಪ್ರಶ್ನೆಪತ್ರಿಕೆಯಾಗುತ್ತದೆ. ಹದಿನೇಳರಲ್ಲಿ ಇರುವುದು ನ್ಯಾಯತೀರ್ಪಿನ ದಿನ, ಆ ದಿನ ನಮಗಿರುವ ಧೈರ್ಯ. ಹದಿನೆಂಟರಲ್ಲಿ ಹೆದರಿಕೆಯ ಜೊತೆಗೆ ಬರುವ ಗ್ರೀಕ್ ಪದ ‘ಕೊಲಾಸಿಸ್’, ಅಂದರೆ ದಂಡನೆ. ಹೊಸ ಒಡಂಬಡಿಕೆಯಲ್ಲಿ ಈ ನಾಮಪದ ಇನ್ನೊಂದೇ ಕಡೆ, ಮತ್ತಾಯ 25:46ರಲ್ಲಿ, ಬರುತ್ತದೆ. ಅಲ್ಲಿಯೂ ಕಡೆಯ ತೀರ್ಪಿನದೇ ಮಾತು. ಯೋಹಾನ ಹೇಳುತ್ತಿರುವುದು ‘ದೇವರು ನನ್ನನ್ನು ದಂಡಿಸಿಯೇ ತೀರುತ್ತಾನೆ’ ಎಂಬ ಒಂದು ಹೆದರಿಕೆಯ ಬಗ್ಗೆ. ಮಗುವಿನ ಜ್ವರ, ಆಪರೇಷನ್ನು, ಸಾಲದ ಕಂತು, ಇವುಗಳ ಮುಂದೆ ಎದೆ ಝಲ್ಲೆನ್ನುವುದು ಆ ಲೆಕ್ಕಕ್ಕೆ ಬರುವುದಿಲ್ಲ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುವೇ ದಿಗಿಲುಪಟ್ಟು ಮನಗುಂದಿದ ಎಂದು ಮಾರ್ಕ 14:33 ಮುಚ್ಚುಮರೆಯಿಲ್ಲದೆ ಹೇಳುತ್ತದೆ. ‘ಅಬ್ಬಾ’ (ಅರಾಮಿಕ್ ಭಾಷೆಯಲ್ಲಿ ‘ಅಪ್ಪಾ’) ಎಂದು ಅವನು ಕೂಗಿದ್ದು ದಾಖಲಾಗಿರುವುದೂ ಆ ರಾತ್ರಿಯ ಪ್ರಾರ್ಥನೆಯಲ್ಲೇ.

ಇನ್ನು ‘ಹೆದರುವವನು ಪ್ರೀತಿಯಲ್ಲಿ ಸಿದ್ಧಿಗೆ ಬಂದವನಲ್ಲ’ ಎಂಬ ಭಾಗ. ಕಾಯಿ ಇನ್ನೂ ಹಣ್ಣಾಗಿಲ್ಲ ಅಂದರೆ ಮರವೇ ಇಲ್ಲ ಅಂದಂತಾಯಿತೇ? ಬೋಧಕರು ಅಲ್ಲಿ ಜಾರಿದರು. ಯೋಹಾನನ ಅದೇ ಪತ್ರದ ಒಂದು ಪುಟ ಹಿಂದೆ, 3:20ರಲ್ಲಿ, ನಮ್ಮ ಹೃದಯವೇ ನಮ್ಮನ್ನು ದೋಷಿ ಅಂದಾಗ ದೇವರು ನಮ್ಮ ಹೃದಯಕ್ಕಿಂತ ದೊಡ್ಡವನು, ಎಲ್ಲವನ್ನೂ ಬಲ್ಲವನು ಎಂದಿದೆ. ಅದನ್ನೂ ಓದಬಹುದಿತ್ತು.

ಸ್ವೀಕರಿಸುವುದು ಅಂದರೆ ಏನು ಎಂಬುದಕ್ಕೆ ಲೂಕ 15 ಹತ್ತಿರದ ಉದಾಹರಣೆ. ಯೇಸು ಹೇಳಿದ ಆ ಕಥೆಯಲ್ಲಿ, ಆಸ್ತಿಯ ಪಾಲು ಪಡೆದು ಮನೆಬಿಟ್ಟು ಹೋಗಿ ಎಲ್ಲ ಹಾಳುಮಾಡಿಕೊಂಡ ಕಿರಿಮಗ ಹಂದಿಗಳ ನಡುವೆ ಕೂತು ಭಾಷಣ ತಯಾರು ಮಾಡುತ್ತಾನೆ. ಅದರಲ್ಲಿ ಮೂರು ತುಂಡು: ಪಾಪ ಮಾಡಿದ್ದೇನೆ; ನಿನ್ನ ಮಗನೆನಿಸಿಕೊಳ್ಳಲು ಯೋಗ್ಯನಲ್ಲ; ಕೂಲಿಯಾಳುಗಳಲ್ಲಿ ಒಬ್ಬನಂತೆ ಇಟ್ಟುಕೋ. ಊರಿಗೆ ಬಂದು ಒಪ್ಪಿಸುವಾಗ, 21ನೆಯ ವಚನದಲ್ಲಿ, ಮೂರನೆಯ ತುಂಡು ಇಲ್ಲ. ಕೂಲಿಯ ಕರಾರು ಬಾಯಿಗೆ ಬರುವ ಮೊದಲೇ ಅಪ್ಪ ಆಳುಗಳ ಕಡೆ ತಿರುಗಿ ಅಂಗಿ, ಉಂಗುರ, ಕೆರ ತನ್ನಿ ಅಂದಾಗಿದೆ. ನಿಮ್ಮ ಹತ್ತಾರು ಸಲದ ಪ್ರಾರ್ಥನೆಯಲ್ಲಿ ಆ ಮೂರನೆಯ ತುಂಡು ಅಡಗಿದೆಯೇ ನೋಡಿ: ‘ಇನ್ನು ಮೇಲೆ ದಿನಾ ಉಪವಾಸ ಮಾಡುತ್ತೇನೆ, ಮಗಳನ್ನು ಬಿಟ್ಟುಬಿಡು’. ಆ ಕರಾರನ್ನು ಬಾಯಿಬಿಟ್ಟು ಹೇಳದೆ ಸುಮ್ಮನಾಗುವುದೇ ಸ್ವೀಕರಿಸುವುದು. ಹಗುರಾಯಿತು ಅನ್ನಿಸುವುದು, ಕಣ್ಣೀರು ಬರುವುದು ಬೇರೆ, ಬಂದರೆ ಬರಲಿ. ಆ ಮಗನಿಗೆ ಒಳಗೆ ಏನನ್ನಿಸಿತು ಎಂದು ಕಥೆ ಹೇಳುವುದೇ ಇಲ್ಲ, ಕಾಲಿಗೆ ಕೆರ ಬಂತು ಎಂದಷ್ಟೇ ಹೇಳುತ್ತದೆ.

ಪ್ರಾರ್ಥನೆಯ ಪುನರಾವರ್ತನೆಗೆ ಕ್ರೈಸ್ತ ಸಭೆಯ ಚರಿತ್ರೆಯಲ್ಲಿ ಹಳೆಯ ಹೆಸರಿದೆ. ಲ್ಯಾಟಿನ್‌ನಲ್ಲಿ ‘ಸ್ಕ್ರೂಪುಲಸ್’, ಅಂದರೆ ಚೂಪಾದ ಸಣ್ಣ ಕಲ್ಲು. ಚಪ್ಪಲಿಯೊಳಗೆ ಸೇರಿದ ಹರಳಿನಂತೆ ಹೆಜ್ಜೆಹೆಜ್ಜೆಗೂ ಚುಚ್ಚುತ್ತದೆ. ಮುಂದೆ ಯೇಸುಸಭೆಯನ್ನು (ಜೆಸ್ವಿಟ್) ಕಟ್ಟಿದ ಇಗ್ನೇಷಿಯಸ್ ಲೊಯೋಲಾ 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ ಇದರಿಂದಲೇ ನರಳಿದ. ಪಾಪಗಳನ್ನೆಲ್ಲ ಬರೆದು ಗುರುವಿಗೆ ನಿವೇದಿಸಿದ ಮೇಲೂ ಏನೋ ಬಿಟ್ಟೆನೆಂದು ಮತ್ತೆ ಮತ್ತೆ ಹೋದ; ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೂ ಅದು ಎಳೆದೊಯ್ದಿತು. ಬಿಡುಗಡೆಯಾದದ್ದು ಹಳೆಯ ಪಾಪಗಳನ್ನು ಇನ್ನು ನಿವೇದಿಸುವುದಿಲ್ಲ ಎಂದು ನಿಶ್ಚಯಿಸಿದ ದಿನ. ಅದಕ್ಕೂ ಹಿಂದೆ, ಜರ್ಮನಿಯ ಮಠದಲ್ಲಿ, ಮಾರ್ಟಿನ್ ಲೂಥರನೂ ಗಂಟೆಗಟ್ಟಲೆ ಪಾಪನಿವೇದನೆ ಮಾಡುತ್ತಿದ್ದ; ಹಿರಿಯ ಸ್ಟೌಪಿಟ್ಜ್ ಕ್ರಿಸ್ತನ ಗಾಯಗಳ ಕಡೆ ನೋಡು ಎಂದು ಅವನ ದೃಷ್ಟಿ ತಿರುಗಿಸಬೇಕಾಯಿತು. ಇದು ಚಿಲಕ ಹಾಕಿದೆಯೋ ಇಲ್ಲವೋ ಎಂದು ಎದ್ದೆದ್ದು ನೋಡುವವರ ಕಥೆಯೇ. ನೋಡಿದಾಗ ಸಿಗುವ ಸಮಾಧಾನ ಅರ್ಧ ಗಂಟೆ ಬಾಳುತ್ತದೆ, ಆಮೇಲೆ ಅನುಮಾನ ಇನ್ನೂ ಬಲವಾಗಿ ಬರುತ್ತದೆ, ಏಕೆಂದರೆ ಎದ್ದು ನೋಡುವುದನ್ನೇ ಮನಸ್ಸು ಅಪಾಯಕ್ಕೆ ಸಾಕ್ಷಿ ಎಂದು ತಿಳಿಯುತ್ತದೆ.

ಆದ್ದರಿಂದ ನಿಯಮ ಹೀಗಿರಲಿ. ಒಂದು ಪಾಪವನ್ನು ಒಂದೇ ಸಲ, ಹಗಲಿನಲ್ಲಿ, ಹೆಸರಿಟ್ಟು ಅರಿಕೆ ಮಾಡಿ. ರಾತ್ರಿ ಅದೇ ನೆನಪು ಬಂದರೆ ಮತ್ತೆ ಕ್ಷಮೆ ಕೇಳಬೇಡಿ; ‘ಇದನ್ನು ಹೇಳಿಯಾಗಿದೆ, ಅಪ್ಪಾ’ ಎಂಬಷ್ಟು ಸಾಕು. ಮೊದಲ ಕೆಲವು ರಾತ್ರಿ ಹೆದರಿಕೆ ಏರುತ್ತದೆ. ಅದು ತಪ್ಪಲ್ಲ, ಅಭ್ಯಾಸ ಬಿಡುವಾಗಿನ ಎಳೆತ. ಗಡಿಯಾರ ನೋಡಬೇಡಿ, ಮೊಬೈಲ್ ಮುಟ್ಟಬೇಡಿ. ಎದ್ದು ಕೂತು ಒಳಗೆಳೆದುಕೊಳ್ಳುವ ಉಸಿರಿಗಿಂತ ಬಿಡುವ ಉಸಿರನ್ನು ಉದ್ದ ಮಾಡಿ, ಐದು ನಿಮಿಷ. ಹಾಸಿಗೆಯ ಪಕ್ಕ ಒಂದು ಚೀಟಿ ಇರಲಿ, ಯಾವುದರ ಹೆದರಿಕೆ ಎಂದು ಒಂದು ಸಾಲು ಬರೆದು ಮಡಚಿಡಿ. ಬೆಳಿಗ್ಗೆ ಅದನ್ನು ಓದಿದರೆ ದಂಡನೆಯ ಹೆದರಿಕೆ ಯಾವುದು, ಜ್ವರದ ಹೆದರಿಕೆ ಯಾವುದು ಎಂದು ಬೇರ್ಪಡಿಸಲು ಬರುತ್ತದೆ. ಎರಡನೆಯದಕ್ಕೆ ಥರ್ಮಾಮೀಟರ್ ಬೇಕು, ಪಶ್ಚಾತ್ತಾಪ ಅಲ್ಲ. ಸಿಲೋವಾಮಿನ ಗೋಪುರ ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ಹೆಚ್ಚು ಪಾಪಿಗಳೇ ಎಂಬ ಪ್ರಶ್ನೆಗೆ ಯೇಸುವಿನ ಉತ್ತರ ‘ಅಲ್ಲ’.

ಬೈಬಲಿನಲ್ಲಿ ‘ಹೆದರಬೇಡ’ 365 ಸಲ ಇದೆ, ದಿನಕ್ಕೊಂದು ಎಂಬ ಮಾತು ವಾಟ್ಸಾಪಿನಲ್ಲಿ ಓಡಾಡುತ್ತದೆ. ಕೂತು ಎಣಿಸಿದರೆ ಅಷ್ಟು ಸಿಗುವುದಿಲ್ಲ. ದಿನಕ್ಕೊಂದು ಬೇಕಾಗಿಯೂ ಇಲ್ಲ. ವಚನಗಳನ್ನು ತಾಯಿತದಂತೆ ಕೂಡಿಟ್ಟುಕೊಳ್ಳುವವರಿಗೆ ಯಾವುದೂ ಒಳಗಿಳಿಯುವುದಿಲ್ಲ. ಕೀರ್ತನೆ 103ರ 8ರಿಂದ 14, ಏಳೇ ವಚನ, ವಾರವಿಡೀ ಅದೇ, ಬೆಳಗಿನ ಹೊತ್ತು ಹತ್ತು ನಿಮಿಷ ಬಾಯಿಬಿಟ್ಟು ಓದಿ. ನಾವು ಧೂಳಾಗಿದ್ದೇವೆಂಬುದನ್ನು ಆತ ನೆನಪಿಟ್ಟುಕೊಳ್ಳುತ್ತಾನೆ ಎಂಬಲ್ಲಿ ನಿಲ್ಲಿ. ಕೆಲವರಿಗೆ ‘ತಂದೆ’ ಅಂದ ಕೂಡಲೇ ಬೆಲ್ಟು ನೆನಪಾಗುತ್ತದೆ. ನಿಮಗೂ ಹಾಗಿದ್ದರೆ ಯೆಶಾಯ 66:13ರ ತಾಯಿಯಿಂದ ಶುರುಮಾಡಿ. ಜೊತೆಗೆ ಸಭೆಯಲ್ಲಿ ನಂಬುಗೆಯ ಒಬ್ಬ ಹಿರಿಯಕ್ಕನಿಗೆ ಇದನ್ನೆಲ್ಲ ಹೇಳಿ. ಒಬ್ಬರಿಗೆ ಮಾತ್ರ. ಹತ್ತು ಜನರನ್ನು ಕೇಳಿದರೆ ಅದೂ ಚಿಲಕ ನೋಡುವ ಕೆಲಸವೇ.

ಕೊನೆಗೆ ಪ್ರಭುಭೋಜನ. ನೀವು ದೂರ ಉಳಿದಿರುವುದು 1 ಕೊರಿಂಥ 11:27ರ ‘ಅಯೋಗ್ಯವಾಗಿ’ ತಿಂದವನು ಅಪರಾಧಿ ಎಂಬ ಮಾತಿಗೆ ಹೆದರಿ ಎಂದು ಊಹಿಸುತ್ತೇವೆ. ಆ ಪದ ಕ್ರಿಯಾವಿಶೇಷಣ. ತಿನ್ನುವ ರೀತಿಯ ಬಗ್ಗೆ ಹೇಳುತ್ತದೆ, ತಿನ್ನುವವರ ಯೋಗ್ಯತೆಯ ಬಗ್ಗೆ ಅಲ್ಲ. ಕೊರಿಂಥದಲ್ಲಿ ಉಳ್ಳವರು ಮುಂಚೆಯೇ ಉಂಡು ಕುಡಿದು ಅಮಲೇರಿರುತ್ತಿದ್ದರು, ಇಲ್ಲದವರು ಹಸಿದಿರುತ್ತಿದ್ದರು. 21ನೆಯ ವಚನದಲ್ಲಿ ಆ ಪತ್ರ ಬರೆದ ಪೌಲ ಗದರಿಸುವುದು ಇದನ್ನೇ. 28ರಲ್ಲಿ ‘ತನ್ನನ್ನು ಪರೀಕ್ಷಿಸಿಕೊಂಡು ತಿನ್ನಲಿ’ ಎಂದಿದೆ, ಪರೀಕ್ಷಿಸಿಕೊಂಡು ಎದ್ದುಹೋಗಲಿ ಎಂದಿಲ್ಲ. (ಕಥೋಲಿಕ ಓದುಗರು ಪಾಪನಿವೇದನೆಯ ವಿಷಯದಲ್ಲಿ ತಮ್ಮ ಗುರುಗಳ ಮಾತು ಕೇಳಲಿ, ಆದರೆ ಒಬ್ಬರೇ ಗುರುಗಳ ಮಾತು.)

ಯೆರೂಸಲೇಮಿನ ಬಿಷಪ್ ಸಿರಿಲನ ಹೆಸರಿನಲ್ಲಿ ಉಳಿದಿರುವ 4ನೇ ಶತಮಾನದ ಉಪದೇಶವೊಂದು ಕೈ ಹೇಗಿಡಬೇಕೆಂದೂ ಹೇಳಿಕೊಡುತ್ತದೆ: ಎಡಗೈಯನ್ನು ಬಲಗೈಗೆ ಸಿಂಹಾಸನ ಮಾಡಿ, ಅಂಗೈಯನ್ನು ಬೊಗಸೆಯಾಗಿಸಿ. ಬರುವ ಭಾನುವಾರ ಉಸಿರುಕಟ್ಟಿದಂತಾದರೆ ಎದ್ದು ಹೊರಬರಲು ಸಲೀಸಾಗುವಂತೆ ಬೆಂಚಿನ ತುದಿಯಲ್ಲಿ ಕೂತುಕೊಳ್ಳಿ, ಆ ಹಿರಿಯಕ್ಕ ಪಕ್ಕದಲ್ಲಿರಲಿ. ರೊಟ್ಟಿ ಬಂದಾಗ ಕೈ ಹಾಗೆ ಚಾಚಿ. ನಡುಗಿದರೆ ನಡುಗಲಿ, ಕೆಳಗಿನ ಕೈ ಮೇಲಿನದನ್ನು ಹಿಡಿದಿರುತ್ತದೆ.