ಒಮ್ಮೆ ತಪ್ಪಾದರೆ ಕೈಚೆಲ್ಲಿ ಕೂರುವ ಮಕ್ಕಳಲ್ಲಿ ಛಲ ಬೆಳೆಸಲು ತರಗತಿಯಲ್ಲಿ ಏನು ಮಾಡಬಹುದು?

ಛಲ ಭಾಷಣದಿಂದ ಬರುವುದಿಲ್ಲ. ತಪ್ಪಿ, ಮತ್ತೆ ಯತ್ನಿಸಿ, ಸರಿಮಾಡಿಕೊಂಡ ಅನುಭವ ಮಗುವಿಗೆ ಪದೇ ಪದೇ ಸಿಗಬೇಕು. ಹಾಗಾಗಿ ಮೊದಲು ಅಭ್ಯಾಸದ ಮಟ್ಟ ನೋಡಿ: ಹತ್ತು ಲೆಕ್ಕಗಳಲ್ಲಿ ಏಳೆಂಟು ತಾನಾಗಿಯೇ ಮಾಡುವಂತಿರಲಿ, ಉಳಿದವು ತಿಣುಕಿಸಲಿ. ಎಲ್ಲವೂ ಕಷ್ಟವಾದರೆ ಮಗು ಕಲಿಯುವುದು ‘ನನ್ನಿಂದಾಗದು’ ಎಂಬುದನ್ನಷ್ಟೇ.

ಸಿಕ್ಕಿಕೊಂಡ ಕೂಡಲೇ ಉತ್ತರ ಹೇಳಿಬಿಡುವುದು ತೀರಾ ಸಾಮಾನ್ಯವಾದ ತಪ್ಪು. ಒಂದೆರಡು ನಿಮಿಷ ಬಿಡಿ. ಆಮೇಲೆ ‘ಎಲ್ಲಿಯವರೆಗೆ ಸರಿ ಬಂತು?’ ಎಂದು ಕೇಳಿ, ಒಂದೇ ಸುಳಿವು ಕೊಟ್ಟು ಸರಿದುಬಿಡಿ. ತಪ್ಪು ಉತ್ತರವನ್ನು ಅಳಿಸಗೊಡಬೇಡಿ. ಅದರ ಕೆಳಗೇ ತಿದ್ದಿ ಬರೆಯಲಿ. ತಿದ್ದಿದ್ದಕ್ಕೂ ಅಂಕ ಕೊಡಿ, ಇಲ್ಲದಿದ್ದರೆ ಅದು ಶಿಕ್ಷೆಯಂತೆ ಕಾಣುತ್ತದೆ.

ಹೊಗಳುವಾಗಲೂ ಎಚ್ಚರ ಬೇಕು. ಮನೋವಿಜ್ಞಾನ ಸಂಶೋಧಕರಾದ ಮುಲ್ಲರ್ ಮತ್ತು ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜಾಣತನಕ್ಕೆ ಹೊಗಳಿಸಿಕೊಂಡ ಮಕ್ಕಳು ಸೋಲಿನ ನಂತರ ಮುಂದುವರಿಸಲು ಅಷ್ಟಾಗಿ ಬಯಸಲಿಲ್ಲ, ಅವರ ಸಾಧನೆಯೂ ಕುಸಿಯಿತು. ಶ್ರಮಕ್ಕೆ ಮೆಚ್ಚುಗೆ ಪಡೆದವರಲ್ಲಿ ಹಾಗಾಗಲಿಲ್ಲ. ಆದರೆ ವಿಧಾನವೇ ತಪ್ಪಿದ್ದಾಗ ‘ಇನ್ನೂ ಪ್ರಯತ್ನಿಸು’ ಎನ್ನುವುದು ಕ್ರೂರ; ಬೇರೆ ದಾರಿ ತೋರಿಸಿ.

ವಾರಗಟ್ಟಲೆ ಮಂಕಾಗಿರುವ, ಶಾಲೆಗೆ ಬರಲೇ ಹೆದರುವ ಮಗುವಿಗೆ ಮಾತ್ರ ಇದ್ಯಾವುದೂ ಸಾಲದು. ಪೋಷಕರೊಂದಿಗೆ ಮಾತಾಡಿ, ಆಪ್ತಸಮಾಲೋಚಕರ ನೆರವು ಪಡೆಯಿರಿ.