ಗಾಯವಾಗುವ ಮೊದಲೇ ಮದ್ದು ಏಕೆ?

ಪ್ರಶ್ನೆ: ನನ್ನ ತಾಯಿಗೆ 62 ವರ್ಷ. ಮುಂದಿನ ವಾರ ಮೈಸೂರಿನಲ್ಲಿ ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆಯಿದೆ. ಹೊಟ್ಟೆ ಕೊಯ್ಯುವ ಮೊದಲೇ ಅಲ್ಪ ಪ್ರಮಾಣದ ಕೆಟಮಿನ್ ಕೊಡುವುದಾಗಿಯೂ, ಅದರಿಂದ ನೋವಿನೊಂದಿಗೆ ಉರಿಯೂತವೂ ತಗ್ಗಬಹುದೆಂದೂ ಅರಿವಳಿಕೆ ತಜ್ಞರು ಹೇಳಿದರು. ಅದು ಅಮಲಿನ ಮದ್ದೆಂದು ಬಂಧುಗಳು ಹೆದರಿಸುತ್ತಿದ್ದಾರೆ. ನೋವೇ ಇಲ್ಲದಾಗ ಕೊಡುವುದೇಕೆ?
— ಓದುಗರೊಬ್ಬರು, ಮಂಡ್ಯ

ಉತ್ತರ: ನಿಮ್ಮ ಆತಂಕ ಸಹಜವಾದದ್ದು. ಕೆಟಮಿನ್ ದುರ್ಬಳಕೆಯಾಗುವುದು ನಿಜವಾದರೂ, ಅದು ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಪೂರ್ಣ ಅರಿವಳಿಕೆಗೆ ದೇಹತೂಕದ ಪ್ರತಿ ಕಿಲೋಗೆ 1ರಿಂದ 2 ಮಿಲಿಗ್ರಾಂ ಬೇಕಾದರೆ, ಅಲ್ಪ ಪ್ರಮಾಣವೆಂದರೆ ಸಾಮಾನ್ಯವಾಗಿ ಅರ್ಧ ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ.

ರೋಗಿ ಗಾಢನಿದ್ರೆಯಲ್ಲಿದ್ದರೂ ಬೆನ್ನುಹುರಿ ಎಚ್ಚರವಾಗಿಯೇ ಇರುತ್ತದೆ. ಕತ್ತರಿ ತಗುಲಿದ ಕ್ಷಣದಿಂದ ಅಲ್ಲಿಗೆ ನೋವಿನ ಸಂಕೇತಗಳು ಒಂದೇ ಸಮನೆ ಹರಿದುಬಂದು, ನರಕೋಶಗಳ ಮೇಲೆ ಸಂಕೇತಗಳನ್ನು ಹಿಡಿದುಕೊಳ್ಳುವ ಎನ್‌ಎಂಡಿಎ ಎಂಬ ಗ್ರಾಹಕಗಳನ್ನು (ರಿಸೆಪ್ಟರ್) ಕೆರಳಿಸಿ, ಮುಂದೆ ಚಿಕ್ಕ ನೋವನ್ನೂ ದೊಡ್ಡದಾಗಿ ತೋರುವಷ್ಟು ಬೆನ್ನುಹುರಿಯನ್ನು ಸೂಕ್ಷ್ಮಗೊಳಿಸುತ್ತವೆ. ಕೆಟಮಿನ್ ಈ ಗ್ರಾಹಕಗಳನ್ನೇ ತಡೆಯುತ್ತದೆ. ಗದ್ದೆಗೆ ನೀರು ನುಗ್ಗಿದ ಮೇಲೆ ಬದು ಕಟ್ಟುವ ಬದಲು ತೂಬಿನಲ್ಲೇ ಹರಿವು ತಗ್ಗಿಸುವುದು ಲೇಸೆಂದು ನಿಮ್ಮ ನಾಲೆಬಯಲಿನವರಿಗೆ ಹೇಳಬೇಕಾಗಿಲ್ಲ.

ಉರಿಯೂತದ ವಿಷಯದಲ್ಲಿ ನಾನು ಇಷ್ಟು ಖಚಿತವಾಗಿ ಮಾತಾಡಲಾರೆ. ಕೊಯ್ದ ಕೆಲವೇ ತಾಸುಗಳಲ್ಲಿ ರಕ್ತದಲ್ಲಿ ಉರಿಯೂತದ ಸಂದೇಶ ಸಾರುವ ಇಂಟರ್‌ಲ್ಯುಕಿನ್-6 ಎಂಬ ಪ್ರೋಟೀನು ಏರತೊಡಗುತ್ತದೆ. ಅದರ ಪ್ರೇರಣೆಯಿಂದ ಯಕೃತ್ತು ಉತ್ಪಾದಿಸುವ, ಉರಿಯೂತದ ಮಟ್ಟ ಅಳೆಯಲು ರಕ್ತಪರೀಕ್ಷೆಯಲ್ಲಿ ನೋಡುವ ಸಿಆರ್‌ಪಿ ಎಂಬ ಪ್ರೋಟೀನು ಎರಡನೆಯ ಅಥವಾ ಮೂರನೆಯ ದಿನ ಗರಿಷ್ಠ ಮಟ್ಟ ಮುಟ್ಟುತ್ತದೆ. ಕೆಟಮಿನ್ ಪಡೆದವರಲ್ಲಿ ಇಂಟರ್‌ಲ್ಯುಕಿನ್-6ರ ಏರಿಕೆ ತುಸು ಕಡಿಮೆಯಿದ್ದುದನ್ನು ಹಲವು ಅಧ್ಯಯನಗಳು ಗಮನಿಸಿವೆ. ಆದರೆ ಕೊಯ್ಯುವ ಮುನ್ನ ಕೊಡುವುದೇ ನಂತರ ಕೊಡುವುದಕ್ಕಿಂತ ಮೇಲೆಂಬ ಬಗ್ಗೆ ಫಲಿತಾಂಶಗಳು ಏಕರೂಪವಾಗಿಲ್ಲ. ಈ ಮದ್ದಿನ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿ ಅದು ಅರ್ಧಕ್ಕಿಳಿಯಲು ಹಿಡಿಯುವ ಸಮಯ, ಎರಡು-ಮೂರು ತಾಸು ಮಾತ್ರವಾದ್ದರಿಂದ, ಮೊದಲು ಒಮ್ಮೆ ಕೊಟ್ಟು, ಬಳಿಕ ಹನಿಹನಿಯಾಗಿ ಮುಂದುವರಿಸುವ ಕ್ರಮವೂ ಇದೆ. ನಿಮ್ಮ ತಜ್ಞರ ಯೋಜನೆ ಯಾವುದೆಂದು ಕೇಳಿ. ಉರಿಯೂತವನ್ನು ಪೂರ್ತಿ ಅಳಿಸುವುದು ಯಾರ ಉದ್ದೇಶವೂ ಅಲ್ಲ, ಗಾಯ ಮಾಯಲು ಅದು ಬೇಕೇ ಬೇಕು.

ತಾಯಿಗೆ ಹತೋಟಿಗೆ ಬಾರದ ರಕ್ತದೊತ್ತಡ, ಹೃದ್ರೋಗ ಅಥವಾ ಮಾನಸಿಕ ಕಾಯಿಲೆಯಿದ್ದರೆ ಮುಂಚಿತವಾಗಿ ತಿಳಿಸಿರಿ. ಎಚ್ಚರವಾದಾಗ ಸ್ವಲ್ಪ ಗೊಂದಲ ಅಥವಾ ವಿಚಿತ್ರ ಕನಸು ಕಾಣಿಸಬಹುದು. ಆಗ ಪರಿಚಿತ ದನಿಯೊಂದು ಹತ್ತಿರವಿದ್ದರೆ ಒಳ್ಳೆಯದು. ಮೂರನೆಯ ದಿನದ ನಂತರವೂ ಸಿಆರ್‌ಪಿ ಇಳಿಯದೆ, ಜ್ವರ ಬಂದು, ಹೊಟ್ಟೆನೋವು ಅಥವಾ ಉಬ್ಬರ ಹೆಚ್ಚುತ್ತಿದ್ದರೆ, ಕರುಳಿನ ಜೋಡಣೆ ಸೋರುತ್ತಿರಬಹುದಾದ್ದರಿಂದ, ಬೆಳಗಿನವರೆಗೆ ಕಾಯದೆ ಅಂದೇ ರಾತ್ರಿ ಶಸ್ತ್ರವೈದ್ಯರನ್ನು ಕರೆಸಿರಿ.