ಚಿತ್ರ ನಿಂತಾಗ ಮೊದಲು ಕೆಳಗಿನ ಸಾಲನ್ನು ನೋಡಿ

ಪ್ರಶ್ನೆ: ಕಳೆದ ಮಳೆಗಾಲದಲ್ಲಿ ಆಲಮಟ್ಟಿಯಿಂದ ಹೊಳೆಗೆ ನೀರು ಬಿಡುವ ಸುದ್ದಿಯನ್ನು ಕನ್ನಡ ಚಾನೆಲ್ಲೊಂದರ ನೇರಪ್ರಸಾರದಲ್ಲಿ ನೋಡುತ್ತಿದ್ದೆವು. ಎಷ್ಟು ಕ್ಯೂಸೆಕ್ ಎಂದು ವರದಿಗಾರರು ಹೇಳುವಷ್ಟರಲ್ಲಿ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಟ್ಟಿತು. ಕೆಳಗಿನ ಸುದ್ದಿಸಾಲು ಮಾತ್ರ ಓಡುತ್ತಲೇ ಇತ್ತು. ಚಿತ್ರ ಮರಳಿದಾಗ ತುಟಿಗೂ ಮಾತಿಗೂ ಹೊಂದಿಕೆ ಇರಲಿಲ್ಲ. ಡಿಶ್ ಕೆಟ್ಟಿರಬೇಕೆಂದು ಹಣ ಕೊಟ್ಟು ರಿಪೇರಿ ಮಾಡಿಸಿದರೂ ಮರುದಿನ ಅದೇ ಕಥೆ. ದೋಷ ಯಾರದು? ದಂಡೆಯ ಹೊಲದವರಿಗೆ ಆ ಒಂದು ಅಂಕಿಯೇ ಮುಖ್ಯ.
– ನಿವೃತ್ತ ಶಿಕ್ಷಕರು, ಮುದ್ದೇಬಿಹಾಳ ತಾಲ್ಲೂಕು

ಉತ್ತರ: ನಿಮ್ಮ ಡಿಶ್ ನಿರ್ದೋಷಿ. ಸುದ್ದಿಸಾಲು ಓಡುತ್ತಲೇ ಇತ್ತು ಎಂಬ ನಿಮ್ಮ ಮಾತೇ ಇದಕ್ಕೆ ಸಾಕ್ಷಿ. ಆ ಸಾಲನ್ನು ಸ್ಟುಡಿಯೋದಲ್ಲಿ, ಹೊರಗಿನಿಂದ ಬಂದ ಚಿತ್ರದ ಮೇಲೆ ಕೂಡಿಸುತ್ತಾರೆ. ಅಲ್ಲಿಂದ ಮುಂದೆ ಎರಡೂ ಒಂದೇ ಚಿತ್ರವಾಗಿ ಉಪಗ್ರಹಕ್ಕೆ ಹೋಗಿ ನಿಮ್ಮ ಮನೆಗೆ ಇಳಿಯುವುದರಿಂದ, ಆ ದಾರಿಯಲ್ಲಿ ಏನೇ ಕೆಟ್ಟರೂ ಎರಡೂ ಒಟ್ಟಿಗೇ ನಿಲ್ಲಬೇಕು. ಒಂದು ನಿಂತು ಇನ್ನೊಂದು ಓಡಿದರೆ ತೊಂದರೆ ಅಣೆಕಟ್ಟಿಗೂ ಸ್ಟುಡಿಯೋಕ್ಕೂ ನಡುವೆ ಇದೆಯೆಂದೇ ಅರ್ಥ.

ಆ ನಡುವಿನ ದಾರಿ ಬಹುಪಾಲು ಮೊಬೈಲ್ ಜಾಲದ್ದು. ಚಿತ್ರವನ್ನು ನೇರ ಉಪಗ್ರಹದ ಮೂಲಕ ಕಳಿಸುವ ವಾಹನವಾದ ಒಬಿ ವ್ಯಾನ್ ಎಲ್ಲ ಕಡೆಗೂ ಬರುವುದಿಲ್ಲ. ಕ್ಯಾಮೆರಾದವರು ಬೆನ್ನಿಗೆ ಹೊತ್ತ ಬ್ಯಾಕ್‌ಪ್ಯಾಕ್‌ನಲ್ಲಿ ಬೇರೆ ಬೇರೆ ಕಂಪನಿಗಳ ಹಲವು ಸಿಮ್‌ಗಳಿದ್ದು, ಅದು ಚಿತ್ರವನ್ನು ತುಣುಕುಗಳಾಗಿ ಹಂಚಿ ಕಳುಹಿಸುತ್ತದೆ, ಸ್ಟುಡಿಯೋದ ಯಂತ್ರ ಅವನ್ನು ಮತ್ತೆ ಜೋಡಿಸುತ್ತದೆ. ಗೇಟು ತೆರೆದ ದಿನ ನೋಡಲು ಬಂದ ಜನರೆಲ್ಲ ವಿಡಿಯೋ ತೆಗೆದು ಕಳಿಸಲು ತೊಡಗಿದಾಗ ಸುತ್ತಲಿನ ಟವರ್‌ಗಳೇ ತುಂಬಿಹೋಗುತ್ತವೆ. ಹಲವು ಸಿಮ್‌ಗಳಿದ್ದರೂ ಎಲ್ಲವೂ ಒಂದೇ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡರೆ ತುಣುಕುಗಳು ತಡವಾಗುತ್ತವೆ, ತೀರ ತಡವಾದವು ಬಿಟ್ಟೇ ಹೋಗುತ್ತವೆ.

ಇಷ್ಟಕ್ಕೆ ಚೌಕಗಳು ಏಕೆ ಬರಬೇಕು? ಡಿಜಿಟಲ್ ವಿಡಿಯೋದಲ್ಲಿ ಪ್ರತಿ ಫ್ರೇಮನ್ನೂ, ಅಂದರೆ ಒಂದಾದ ಮೇಲೊಂದು ಬರುವ ಪ್ರತಿ ಬಿಡಿ ಚಿತ್ರವನ್ನೂ, ಪೂರ್ತಿಯಾಗಿ ಕಳಿಸುವುದಿಲ್ಲ. ಪೂರ್ಣ ಚಿತ್ರ ಒಂದನ್ನು ಕಳಿಸಿ, ಆಮೇಲೆ ಅದರಲ್ಲಿ ಬದಲಾದಷ್ಟನ್ನೇ ಚೌಕ ಚೌಕವಾಗಿ ಲೆಕ್ಕಹಾಕಿ ಕಳಿಸುತ್ತಾರೆ. ನಡುವೆ ಒಂದು ತುಣುಕು ಕಳೆದರೆ ಆ ತಪ್ಪು ಮುಂದಿನ ಪೂರ್ಣ ಚಿತ್ರ ಬರುವವರೆಗೆ ಹಾಗೇ ಉಳಿಯುತ್ತದೆ. ಕುಳಿತು ಮಾತನಾಡುವವರ ಚಿತ್ರದಲ್ಲಿ ಬದಲಾಗುವುದು ತುಟಿ, ಕಣ್ಣು, ಕೈ ಮಾತ್ರ. ಗೇಟಿನಿಂದ ನೊರೆಯೆದ್ದು ಧುಮುಕುವ ಕೃಷ್ಣೆಯಲ್ಲಾದರೋ ಪರದೆಯ ಪ್ರತಿ ಚುಕ್ಕೆಯೂ ಕ್ಷಣಕ್ಷಣಕ್ಕೂ ಬದಲಾಗುವುದರಿಂದ, ಜಾಲ ಸೊರಗಿದ ಹೊತ್ತಿಗೇ ಅದರ ಮೇಲಿನ ಹೊರೆ ಹೆಚ್ಚುತ್ತದೆ. ವರದಿಗಾರರ ಹಿಂದೆ ನೀರು ತುಂಬಿದ ದೃಶ್ಯವಿದ್ದಾಗಲೇ ಚಿತ್ರ ಒಡೆಯುವುದು ಇದಕ್ಕಾಗಿ.

ತುಟಿ ಮತ್ತು ಮಾತಿನ ಹೊಂದಿಕೆ ತಪ್ಪುವುದು, ಚಿತ್ರವೂ ಧ್ವನಿಯೂ ಬೇರೆ ಬೇರೆ ಯಂತ್ರಕ್ರಿಯೆಗಳ ಮೂಲಕ ಹಾದು ಬೇರೆ ಬೇರೆ ಹೊತ್ತು ತೆಗೆದುಕೊಳ್ಳುವುದರಿಂದ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ ಧ್ವನಿ ಸುಮಾರು 45 ಮಿಲಿಸೆಕೆಂಡ್ ಮುಂದಾದರೆ ನೋಡುಗರಿಗೆ ಗೊತ್ತಾಗುತ್ತದೆ. ಹಿಂದಾದರೆ ಸುಮಾರು 125ರವರೆಗೆ ಗೊತ್ತಾಗುವುದಿಲ್ಲ. ಹೊಳೆಯ ಆಚೆ ದಂಡೆಯಲ್ಲಿ ಬಟ್ಟೆ ಒಗೆಯುವವರನ್ನು ನೋಡಿದ್ದೀರಲ್ಲ, ಏಟು ಮೊದಲು ಕಂಡು ಸದ್ದು ಆಮೇಲೆ ಕೇಳುತ್ತದೆ. ತಡವಾದ ಸದ್ದು ನಮಗೆ ರೂಢಿ, ಮುಂಚೆ ಬಂದ ಸದ್ದು ಅಲ್ಲ.

ವರದಿಗಾರರ ಪರವಾಗಿ ಒಂದು ಮಾತು ಹೇಳಲೇಬೇಕು. ನಿರೂಪಕರ ಪ್ರಶ್ನೆಗೆ ಅವರು ಸುಮ್ಮನೆ ನಿಂತಂತೆ ಕಂಡರೆ ಅದು ದಡ್ಡತನವಲ್ಲ. ಪ್ರಶ್ನೆ ಅವರ ಕಿವಿಗೆ ತಲುಪಲು, ಉತ್ತರ ನಮಗೆ ಮುಟ್ಟಲು ಹೊತ್ತು ಬೇಕು. ಇನ್ನೊಂದು ತೊಡಕೂ ಇದೆ: ಸ್ಟುಡಿಯೋದಿಂದ ಅವರ ಕಿವಿಗೆ ಕಳಿಸುವ ಧ್ವನಿಯಿಂದ ಅವರದೇ ಮಾತನ್ನು ತೆಗೆದಿರಬೇಕು. ಅದನ್ನು ತೆಗೆಯಲು ಸ್ಟುಡಿಯೋದವರು ಮರೆತರೆ ತಮ್ಮ ಮಾತೇ ತಡವಾಗಿ ಮರಳಿ ಕೇಳಿ, ಎಂಥ ಪಳಗಿದವರೂ ತೊದಲುತ್ತಾರೆ.

ಅಂಕಿಯ ಬಗ್ಗೆ ನಿಮ್ಮ ಕಳವಳ ನನ್ನದೂ ಹೌದು. ಧ್ವನಿಗೆ ಬೇಕಾಗುವ ಜಾಲದ ಶಕ್ತಿ ಚಿತ್ರಕ್ಕೆ ಬೇಕಾದುದರ ಸಣ್ಣ ಪಾಲು ಮಾತ್ರ. ಪ್ರವಾಹದ ಹೊತ್ತಿನಲ್ಲಿ ಚಿತ್ರ ಒಡೆದ ಕೂಡಲೇ ವರದಿಗಾರರನ್ನು ಫೋನಿನಲ್ಲಿ ಮಾತನಾಡಿಸಿ, ಕ್ಯೂಸೆಕ್ ಅಂಕಿಯನ್ನು ಸುದ್ದಿಸಾಲಿನಲ್ಲಿ ಹಾಕುವುದು ಚಾನೆಲ್‌ಗಳ ಕರ್ತವ್ಯವೆಂದೇ ನಾನು ತಿಳಿದಿದ್ದೇನೆ. ನಿಂತ ಚಿತ್ರವನ್ನೇ ತೋರಿಸುತ್ತ ‘ಸಂಪರ್ಕ ಕಡಿತಗೊಂಡಿದೆ’ ಎಂದು ಮುಂದಿನ ಸುದ್ದಿಗೆ ಹಾರಿದರೆ ದಂಡೆಯವರ ಗತಿಯೇನು?

ಇನ್ನು ಸುದ್ದಿಸಾಲೂ ನಿಂತರೆ ಬೇರೆ ಚಾನೆಲ್ ಹಾಕಿ ನೋಡಿ. ಅವು ಸರಿಯಿದ್ದರೆ ದೋಷ ಹೆಚ್ಚಾಗಿ ಆ ಚಾನೆಲ್‌ನದು ಅಥವಾ ಅದನ್ನು ನಿಮಗೆ ತಲುಪಿಸುವವರದು. ಯಾವುದೂ ಬರದಿದ್ದರೆ ಆಗ ಡಿಶ್, ವೈರ್, ಮಳೆಯನ್ನು ಅನುಮಾನಿಸಬಹುದು. ಮನೆಯ ಡಿಶ್‌ಗಳು ಬಳಸುವ ಕೆಯು ಬ್ಯಾಂಡ್ ಎಂಬ ಬಗೆಯ ರೇಡಿಯೋ ಅಲೆಗಳನ್ನು ಜೋರು ಮಳೆ ಹೀರಿಕೊಳ್ಳುತ್ತದೆ. ಕೇಬಲ್‌ನವರ ದೊಡ್ಡ ಡಿಶ್‌ಗಳು ಹಿಡಿಯುವ ಸಿ ಬ್ಯಾಂಡ್ ಎಂಬ ಇನ್ನೊಂದು ಬಗೆಯ ಅಲೆಗಳಿಗೆ ಆ ಬಾಧೆ ತೀರ ಕಡಿಮೆ.

ಪ್ರಶ್ನೆ: ಮಾರ್ಚ್‌ನಲ್ಲಿ ಮೋಡವೇ ಇಲ್ಲದ ದಿನಗಳಲ್ಲಿ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನಮ್ಮ ಫ್ರೀ ಡಿಶ್‌ನಲ್ಲಿ ಕೆಲವು ನಿಮಿಷ ಸುದ್ದಿ ಹೋಗಿ ತಾನಾಗಿ ಮರಳುತ್ತದೆ. ಕಾರಣವೇನು?
– ಓದುಗರು, ಬಾಗಲಕೋಟೆ

ಉತ್ತರ: ಸೂರ್ಯನೇ ಕಾರಣ. ಫ್ರೀ ಡಿಶ್‌ನ ಉಪಗ್ರಹ ಸಮಭಾಜಕದ ಮೇಲೆ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ವರ್ಷಕ್ಕೆ ಎರಡು ಸಲ, ನಮ್ಮ ಭಾಗದಲ್ಲಿ ಮಾರ್ಚ್ ಎರಡನೆಯ ವಾರದ ಆಸುಪಾಸಿನಲ್ಲಿ ಹಾಗೂ ಸೆಪ್ಟೆಂಬರ್ ಕೊನೆ–ಅಕ್ಟೋಬರ್ ಆರಂಭದಲ್ಲಿ, ಸೂರ್ಯ ಸರಿಯಾಗಿ ಅದರ ಬೆನ್ನ ಹಿಂದೆ ಹಾದುಹೋಗುತ್ತಾನೆ. ಆಗ ಸೂರ್ಯನ ರೇಡಿಯೋ ಅಲೆಗಳ ಗದ್ದಲದಲ್ಲಿ ಉಪಗ್ರಹದ ಕ್ಷೀಣ ಸಂಕೇತ ಮುಚ್ಚಿಹೋಗುತ್ತದೆ. ಉಪಗ್ರಹ ನಮಗಿಂತ ಪೂರ್ವಕ್ಕಿರುವುದರಿಂದ ಇದು ನಡುಹಗಲಿಗೆ ಮುಂಚೆಯೇ ಆಗುತ್ತದೆ. ಕೆಲವು ದಿನಗಳಲ್ಲಿ ತಾನಾಗಿ ನಿಲ್ಲುತ್ತದೆ. ಆ ದಿನಗಳಲ್ಲಿ ಮಾಳಿಗೆ ಹತ್ತಿ ಡಿಶ್ ತಿರುಗಿಸಬೇಡಿ, ಸರಿಯಿದ್ದ ದಿಕ್ಕೂ ತಪ್ಪೀತು.